ಕೊಟ್ಟದ್ದು, ಬಿಟ್ಟದ್ದು

ಮದುವೆಯಾಗಿ ಬಂಟ್ವಾಳಕ್ಕೆ ಬಂದ ಮೇಲೆ ಸುಮಾರು ಮೂವತ್ತು ವರ್ಷ ನಾನು ಶಾಲೆಗೆ ಹೋಗಿ ಬರುತ್ತಿದ್ದದ್ದು ಬಿ.ಸಿ.ರೋಡಿನ ಮೂಲಕ. ಅಲ್ಲಿ ಬಸ್ಸಿನಿಂದ ಇಳಿಯುವ ಹೆಂಗಸರಲ್ಲಿ ಯಾರು ಕೋರ್ಟಿಗೆ ಬಂದವರು ಎಂಬುದನ್ನು ಅವರ ಕೈಚೀಲ ನೋಡಿಯೇ ಹೇಳಬಹುದಿತ್ತು. ಪೇಟೆಗೆ ಬಂದವರ ಚೀಲ ಕೈಯಲ್ಲಿ ತೂಗಾಡುತ್ತಿರುತ್ತದೆ. ಕೋರ್ಟಿಗೆ ಬಂದವರ ಚೀಲ ಎದೆಗೆ ಅವಚಿಕೊಂಡಿರುತ್ತದೆ. ಅದರಲ್ಲಿ ಮಡಿಸಿ ಮಡಿಸಿ ಗೆರೆಬಿದ್ದ ಕಾಗದಗಳು, ಪಹಣಿಯ ನಕಲು, ಯಾವುದೋ ಕಾಲದ ತೀರ್ವೆ ರಶೀದಿ. ಮಧ್ಯಾಹ್ನ ನಾನು ಹಿಂದಿರುಗುವಾಗ ಅದೇ ಹೆಂಗಸರು ಬಸ್ಸಿಗೆ ಕಾಯುತ್ತಾ ನಿಂತಿರುತ್ತಿದ್ದರು. ‘ಎಂತ ಆಯಿತು?’ ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ: ‘ವಾಯಿದೆ ಕೊಟ್ಟರು.’

ಅವರನ್ನು ನೋಡಿ ನನಗೆ ಮರುಕವಾಗುತ್ತಿತ್ತು. ನಿಜ ಹೇಳಬೇಕೆಂದರೆ ಮರುಕದ ಜೊತೆಗೆ ಸ್ವಲ್ಪ ಜಂಬವೂ ಇತ್ತು. ನಮ್ಮಂಥವರ ಮನೆಯ ಹೆಣ್ಣುಮಕ್ಕಳು ಇಲ್ಲಿಗೆ ಬರುವುದಿಲ್ಲ, ನಾವು ಒಡಹುಟ್ಟಿದವರ ಜೊತೆ ಕಚ್ಚಾಡುವುದಿಲ್ಲ ಎಂಬ ಜಂಬ. 2019ರ ಒಂದು ಬೆಳಿಗ್ಗೆ ನಾನೇ ಬೆಳ್ತಂಗಡಿಯ ಬಸ್ಸು ಹತ್ತಿದೆ. ಸಮನ್ಸಿನ ಕಾಗದವಿದ್ದ ಚೀಲ ನನ್ನ ಎದೆಯ ಮೇಲಿತ್ತು. ವಾದಿ ನನ್ನ ಅಕ್ಕ. ಪ್ರತಿವಾದಿ ನನ್ನ ಅಣ್ಣ. ಸಾಕ್ಷಿ ನಾನು.

ನಮ್ಮದು ಬೆಳ್ತಂಗಡಿ ತಾಲೂಕಿನಲ್ಲಿ, ಘಾಟಿಯ ಬುಡದಲ್ಲಿ, ಅಜ್ಜನ ಕಾಲದ ಮೂರು ಎಕರೆ ಅಡಿಕೆ ತೋಟ ಮತ್ತು ಒಂದು ಹಂಚಿನ ಮನೆ. ಅಕ್ಕ ದೊಡ್ಡವಳು, ಅಣ್ಣ ನಡುವಿನವನು, ನಾನು ಕೊನೆಯವಳು. ಅಕ್ಕನನ್ನು 1981ರಲ್ಲಿ ಮೂಡುಬಿದಿರೆಗೆ ಕೊಟ್ಟರು, ನನ್ನನ್ನು 1988ರಲ್ಲಿ ಬಂಟ್ವಾಳಕ್ಕೆ. ‘ಕೊಟ್ಟರು’ ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯೂ ನಮ್ಮದೇ. ಆ ಗಾದೆ ಹೇಳುವಾಗ ಯಾರ ಮುಖದಲ್ಲೂ ಕ್ರೌರ್ಯ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ಮಳೆ ಬರುತ್ತದೆ ಎಂಬಷ್ಟು ಸಹಜವಾಗಿ ಹೇಳುತ್ತಿದ್ದರು.

ಅಪ್ಪಯ್ಯ 2002ರಲ್ಲಿ ತೀರಿಕೊಂಡರು. ಅದೇ ವರ್ಷ ಅಣ್ಣ ನನ್ನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದ. ‘ಒಂದು ಸಹಿ ತಂಗಿ, ಬ್ಯಾಂಕಿನ ಸಾಲಕ್ಕೆ ಬೇಕಂತೆ’ ಎಂದ. ಅದು ಹಕ್ಕು ಬಿಡುಗಡೆ ಪತ್ರ. ನಾನು ಟೀಚರು, ಓದಲು ಬರುತ್ತಿತ್ತು. ಆದರೂ ಓದಲಿಲ್ಲ. ಅಣ್ಣನ ಎದುರು ಕಾಗದ ಓದಿ ಸಹಿ ಹಾಕುವುದು ಅವನನ್ನು ಅನುಮಾನಿಸಿದ ಹಾಗೆ ಎಂದು ನಾಚಿಕೆಯಾಯಿತು. ಬರುವಾಗ ಅತ್ತಿಗೆ ಒಂದು ಸೀರೆ ಕೊಟ್ಟು ಕುಂಕುಮ ಹಚ್ಚಿದರು. ಅಮ್ಮ ಬಂದವರೆದುರೆಲ್ಲ ‘ನನ್ನ ಸಣ್ಣವಳು ಒಂದು ಮಾತೂ ಆಡದೆ ಸಹಿ ಹಾಕಿದಳು’ ಎಂದು ಹೊಗಳಿದರು. ಅಕ್ಕ ಮಾತ್ರ ‘ಇನ್ನೊಮ್ಮೆ ಬರುವಾಗ ನೋಡುವ’ ಎಂದು ತಳ್ಳಿಹಾಕಿದ್ದಳು. ಅಮ್ಮನಿಗೆ ಅದು ಸರಿಹೋಗಲಿಲ್ಲ. ನಾನು ಒಳ್ಳೆಯ ತಂಗಿಯಾದೆ, ಅವಳು ಲೆಕ್ಕದ ಅಕ್ಕಳಾದಳು.

2012ರಲ್ಲಿ ಭಾವ ತೀರಿಕೊಂಡರು. ಅದಕ್ಕೆ ಮೊದಲೇ ಅಮ್ಮನೂ ಹೋಗಿಯಾಗಿತ್ತು. ಭಾವನದು ಸಣ್ಣ ಅಂಗಡಿ. ಉಳಿದದ್ದು ಬಾಡಿಗೆ ಮನೆ ಮತ್ತು ಆಸ್ಪತ್ರೆಯ ಸಾಲ. ಅಕ್ಕ ತವರಿಗೆ ಹೋಗಿ, ‘ನನ್ನ ಪಾಲು ಅಂತ ಎಂತಾದರೂ ಇದ್ದರೆ ಕೊಡು ಮಾರಾಯ, ಕಾಲಬುಡಕ್ಕೆ ಒಂದು ನೆಲೆ ಬೇಕು’ ಎಂದಳು. ಅಣ್ಣ ಎದ್ದು ತೋಟಕ್ಕೆ ಹೋದ. ಮನೆಯಲ್ಲಿ ಇರು, ಊಟಕ್ಕೆ ಕೊರತೆಯಿಲ್ಲ, ಆದರೆ ಪಾಲು ಎಂಬ ಮಾತು ಬೇಡ ಎಂದು ಅತ್ತಿಗೆಯ ಮೂಲಕ ಹೇಳಿಸಿದ. ಕೊನೆಗೆ ಅಕ್ಕ, ‘ಹಾಗಾದರೆ ಧರ್ಮಸ್ಥಳಕ್ಕೆ ಹೋಗಿ ಹೊಯ್ಲು ಕೊಡುವ’ ಎಂದಳು. ನಮ್ಮ ಕಡೆ ಅದೊಂದು ಹಳೆಯ ದಾರಿ. ಪಾಲಿನದು, ಸಾಲದ್ದು, ಗಡಿಯದು, ಏನೇ ತಕರಾರಿದ್ದರೂ ಹೆಗ್ಗಡೆಯವರ ಮುಂದೆ ಇಬ್ಬರೂ ಕುಳಿತು ಹೇಳಿಕೊಳ್ಳುವುದು. ಅಲ್ಲಿ ವಕೀಲರಿಲ್ಲ, ಕೋರ್ಟು ಫೀಸಿಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಲು ಅಳುಕದವರೂ ಆ ಜಾಗದಲ್ಲಿ ಆಣೆ ಎಂದರೆ ಹಿಂಜರಿಯುತ್ತಾರೆ. ಅಣ್ಣ ‘ಮನೆಯ ಮಾತು ಅಲ್ಲಿವರೆಗೆ ಯಾಕೆ?’ ಎಂದು ಒಪ್ಪಲಿಲ್ಲ. 2014ರಲ್ಲಿ ಮನೆಯ ಮಾತು ಬೆಳ್ತಂಗಡಿಯ ಕೋರ್ಟಿಗೆ ಹೋಯಿತು.

ಆಗ ನಮ್ಮ ನೆಂಟರಿಷ್ಟರು ಆಡಿದ ಮಾತುಗಳನ್ನು ಬರೆದರೆ ಒಂದು ಪುಸ್ತಕವಾದೀತು. ‘ಅಣ್ಣನ ಮೇಲೆ ದಾವೆಯಾ?’ ‘ಇನ್ನು ಗೌರಿ ಹಬ್ಬದ ಬಾಗಿನಕ್ಕೂ ಕಲ್ಲು ಬಿತ್ತು.’ ‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ.’ ನಾನೂ ಅಕ್ಕನಿಗೆ ಫೋನಿನಲ್ಲಿ ಹೇಳಿದೆ: ‘ಬಿಟ್ಟುಬಿಡು ಅಕ್ಕ. ನಾನು ಬಿಟ್ಟುಕೊಡಲಿಲ್ಲವಾ?’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ನೀನು ಎಷ್ಟು ಬಿಟ್ಟುಕೊಟ್ಟೆ?’ ನನ್ನಲ್ಲಿ ಉತ್ತರ ಇರಲಿಲ್ಲ. ಅವಳು ಕುಹಕಕ್ಕೆ ಕೇಳಿದಳು ಎಂದುಕೊಂಡು ಬೇಸರ ಮಾಡಿಕೊಂಡೆ.

ಅಣ್ಣ ಕೆಟ್ಟವನಲ್ಲ. ಇದನ್ನು ಹೇಳದಿದ್ದರೆ ಈ ಬರಹವೇ ಸುಳ್ಳಾಗುತ್ತದೆ. ನಾವಿಬ್ಬರೂ ಬಸ್ಸು ಹತ್ತಿ ಹೋದ ಮೇಲೆ ಅಪ್ಪಯ್ಯನ ದಮ್ಮು, ಅಮ್ಮನ ಸಂಧಿವಾತ ಎಲ್ಲವನ್ನೂ ನೋಡಿಕೊಂಡವರು ಅವನು ಮತ್ತು ಅತ್ತಿಗೆ. ಜಡಿಮಳೆಯಲ್ಲಿ ಕೊಳೆರೋಗಕ್ಕೆ ಮದ್ದು ಬಿಡಿಸಿದವನು ಅವನು. ಹಳದಿ ರೋಗ ಬಂದು ಮರಗಳು ಬೋಳಾದಾಗ ಸಾಲ ಮಾಡಿ ಹೊಸ ಸಸಿ ನೆಟ್ಟವನೂ ಅವನೇ. ನನ್ನ ಎರಡು ಬಾಣಂತನಗಳೂ ಆ ಮನೆಯಲ್ಲೇ ಆದವು. ‘ಬೆವರು ಸುರಿಸಿದವನು ನಾನು, ಪಾಲಿಗೆ ಬರುವವರು ನೀವಾ?’ ಎಂಬ ಅವನ ಪ್ರಶ್ನೆಯಲ್ಲಿ ತೂಕವಿತ್ತು. ನ್ಯಾಯಾಲಯ ಹುಟ್ಟನ್ನು ಲೆಕ್ಕ ಹಾಕುತ್ತದೆ, ಬೆವರನ್ನು ಲೆಕ್ಕ ಹಾಕುವುದಿಲ್ಲ ಎಂದು ನನಗೂ ಅನ್ನಿಸಿತ್ತು.

ಆ ಹುಟ್ಟಿನ ಲೆಕ್ಕವಾದರೂ ಎಷ್ಟು ಸಲ ಬದಲಾಯಿತು! ಆ ವರ್ಷಗಳಲ್ಲಿ ಅಕ್ಕನ ವಕೀಲರಿಂದ ಕೇಳಿ, ಆಮೇಲೆ ನಾನೇ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ನಮ್ಮಂಥ ಮನೆಗಳಲ್ಲಿ, ಎಂದರೆ ನಮ್ಮ ಊರಿನ ಮಾತಿನಲ್ಲಿ ‘ಮಕ್ಕಳ ಕಟ್ಟಿ’ನವರಲ್ಲಿ, ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದಲೇ ಹಕ್ಕುದಾರರು ಗಂಡುಮಕ್ಕಳು ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಪಾಲಿನಲ್ಲಿ ಮಗಳಿಗೂ ಒಂದು ಪಾಲು ಕೊಟ್ಟಿತು. ಆದರೆ ಅದೇ ಕಾಯಿದೆಯ 23ನೆಯ ಕಲಮಿನಂತೆ, ಮನೆಯವರು ವಾಸವಾಗಿರುವ ಮನೆಯನ್ನು ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಮಗಳು ಅದರಲ್ಲಿ ಪಾಲು ಕೇಳುವಂತಿರಲಿಲ್ಲ. ತಾನು ಹುಟ್ಟಿದ ಮನೆಯನ್ನೇ! 1994ರಲ್ಲಿ ಕರ್ನಾಟಕ ಸರ್ಕಾರ ತಿದ್ದುಪಡಿ ತಂದು ಮಗಳನ್ನೂ ಹುಟ್ಟಿನಿಂದ ಹಕ್ಕುದಾರಳನ್ನಾಗಿ ಮಾಡಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸಲಿಲ್ಲ. ನಾವಿಬ್ಬರೂ ಹೊರಗೆ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದಾಗ ಮದುವೆಯಾದವಳು, ಆಗದವಳು ಎಂಬ ಭೇದ ಹೋಯಿತು. 23ನೆಯ ಕಲಮೂ ಹೋಯಿತು.

ಅಕ್ಕನ ದಾವೆ ನಡೆಯುತ್ತಿರುವಾಗಲೇ, 2015ರ ಅಕ್ಟೋಬರಿನಲ್ಲಿ, ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು: 2005ರ ಆ ದಿನದಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು. ನಮ್ಮ ಅಪ್ಪಯ್ಯ ಹೋದದ್ದು 2002ರಲ್ಲಿ. 2018ರ ಫೆಬ್ರವರಿಯಲ್ಲಿ, ಅದೂ ಕರ್ನಾಟಕದ್ದೇ ಮೊಕದ್ದಮೆ, 2001ರಲ್ಲಿ ತೀರಿಕೊಂಡ ತಂದೆಯ ಹೆಣ್ಣುಮಕ್ಕಳಿಗೂ ಅದೇ ಕೋರ್ಟು ಸಮಪಾಲು ಕೊಟ್ಟಿತು. ಅಕ್ಕನ ಲೆಕ್ಕ ಹೀಗೆ: ಒಂದು ತೀರ್ಪಿನಂತೆ ಅವಳಿಗೆ ಬರುವುದು ಆರರಲ್ಲಿ ಒಂದು ಪಾಲು, ಎಂದರೆ ಐವತ್ತು ಸೆಂಟ್ಸು ತೋಟ. ಇನ್ನೊಂದರಂತೆ ಮೂರರಲ್ಲಿ ಒಂದು, ಎಂದರೆ ಒಂದು ಎಕರೆ. ಅದೇ ಅಪ್ಪ, ಅದೇ ಮಗಳು, ಅದೇ ತೋಟ. ‘ಅಪ್ಪಯ್ಯ ಯಾವ ತಾರೀಕಿಗೆ ಸತ್ತರು ಎಂಬುದರ ಮೇಲೆ ನಾನು ಮಗಳು ಹೌದೋ ಅಲ್ಲವೋ ಎಂದು ನಿಶ್ಚಯ ಆಗುವುದಾ?’ ಎಂದು ಅಕ್ಕ ನಗುತ್ತಿದ್ದಳು. ಆ ನಗೆ ಕೇಳಲು ಆಗುತ್ತಿರಲಿಲ್ಲ.

ಅವಳಿಗೆ ಆ ದಿನಗಳಲ್ಲಿ ಧೈರ್ಯ ಹೇಳಿದವರು ಮೂಡುಬಿದಿರೆಯಲ್ಲಿ ಅವಳಿಗೆ ಬಾಡಿಗೆಗೆ ಮನೆ ಕೊಟ್ಟಿದ್ದ ಒಬ್ಬ ಹಿರಿಯ ಬಂಟ ಮಹಿಳೆ. ನಾನು ಹೋದಾಗಲೆಲ್ಲ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆ ಇಟ್ಟುಕೊಂಡು ಮಾತಿಗೆ ಕೂರುತ್ತಿದ್ದರು. ‘ನಿಮ್ಮದೆಂತ ಕಟ್ಟು ಮಾರಾಯ್ತಿ! ನಮ್ಮಲ್ಲಿ ಮನೆಯೇ ಹೆಣ್ಣಿನದು’ ಎನ್ನುತ್ತಿದ್ದರು. ಅವರದು ಅಳಿಯ ಕಟ್ಟು. ಅಳಿಯಸಂತಾನ ಎಂಬ ಹೆಸರಿನಲ್ಲಿ ಅಳಿಯನಿದ್ದರೂ ವಂಶ ಹರಿಯುವುದು ತಾಯಿಯಿಂದ ಮಗಳಿಗೆ. ಭೂತಾಳ ಪಾಂಡ್ಯನ ಕಥೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಕುಂಡೋದರ ಭೂತ ಬಲಿ ಕೇಳಿದಾಗ ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದಾದಳು. ಅದಕ್ಕಾಗಿ ಆಸ್ತಿಯೆಲ್ಲ ತಂಗಿಯ ಸಂತಾನಕ್ಕೆ ಎಂದಾಯಿತಂತೆ. ಇದು ಕಥೆ. ಆದರೆ ಉಳ್ಳಾಲದ ಅಬ್ಬಕ್ಕ ಕಥೆಯಲ್ಲ. ಪೋರ್ಚುಗೀಸರನ್ನು ಎದುರಿಸಿದ ಆ ರಾಣಿಗೆ ಪಟ್ಟ ಬಂದದ್ದು ಇದೇ ಕಟ್ಟಿನಿಂದ, ಸೋದರಮಾವನ ಬಳಿಕ. ಆ ಚೌಟರ ಮನೆತನದ ಅರಮನೆ ಮೂಡುಬಿದಿರೆಯಲ್ಲಿ ಈಗಲೂ ಇದೆ.

ಹಾಗಾದರೆ ಅಲ್ಲಿ ಹೆಣ್ಣು ಸುಖವಾಗಿದ್ದಳೇ? ಒಂದು ದಿನ ನಾನು ಕೇಳಿಯೇಬಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: ‘ಆಸ್ತಿ ನಮ್ಮದು, ಬೀಗದ ಕೈ ಮಾವನದು.’ ಕುಟುಂಬದ ಹಿರಿಯರು ಹೆಂಗಸಾದರೆ ಅವರನ್ನೇ ಯಜಮಾನ್ತಿ ಎನ್ನುತ್ತಿದ್ದರು. ಆದರೂ ಅವರ ಮನೆಯಲ್ಲಿ ಕಾಗದ ಪತ್ರ, ಗೇಣಿಯ ಲೆಕ್ಕ, ವಕೀಲರ ಮನೆ ಎಲ್ಲವೂ ಮಾವಂದಿರ ಕೈಯಲ್ಲಿ. ಪಾಲು ಕೇಳಲೂ ಆಗುತ್ತಿರಲಿಲ್ಲ. ಎಲ್ಲರೂ ಒಪ್ಪದ ಹೊರತು ಅಳಿಯಸಂತಾನದ ಆಸ್ತಿಯನ್ನು ಒಡೆಯುವಂತಿಲ್ಲ ಎಂದು ಮದ್ರಾಸು ಹೈಕೋರ್ಟು 1863ರಲ್ಲೇ ಹೇಳಿತ್ತು. ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಬಂದ ಮೇಲೆ ಪ್ರತಿಯೊಂದು ಕವರಿಗೂ, ಎಂದರೆ ಒಬ್ಬ ತಾಯಿಯ ಸಂತತಿಯ ಕವಲಿಗೆ, ಪಾಲು ಕೇಳುವ ಹಕ್ಕು ಬಂತು. ಆ ಕಾಯಿದೆಯಲ್ಲಿ ‘ಸಂತತಿ ಕವರು’, ‘ನಿಸ್ಸಂತತಿ ಕವರು’ ಎಂದು ಎರಡು ಬಗೆ. ಐವತ್ತು ವರ್ಷ ತುಂಬದ ಒಬ್ಬ ಹೆಣ್ಣಾದರೂ ಇದ್ದರೆ ಅದು ಸಂತತಿ ಕವರು. ‘ನನ್ನ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಐವತ್ತು ತುಂಬಿದ ದಿನ ಕಾನೂನಿನ ಲೆಕ್ಕದಲ್ಲಿ ಅವರು ಒಣಗಿದ ಕೊಂಬೆಯಾದರು’ ಎಂದು ಆಕೆ ಹೇಳಿದಾಗ ನನಗೆ ಮೈ ಜುಂ ಎಂದಿತು.

ಮಕ್ಕಳ ಕಟ್ಟಿನಲ್ಲಿ ಹೆಣ್ಣು ಕೊಟ್ಟುಕಳಿಸುವ ವಸ್ತು. ಅಳಿಯ ಕಟ್ಟಿನಲ್ಲಿ ಆಸ್ತಿ ಹರಿದು ಹೋಗುವ ಕಾಲುವೆ. ಎರಡರಲ್ಲೂ ಅವಳ ಪಾಲು ಎಷ್ಟು ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅಕ್ಕ ಫೋನಿನಲ್ಲಿ ಕೇಳಿದ ಪ್ರಶ್ನೆ ಕುಹಕವಲ್ಲ ಎಂದು ನನಗೆ ಹೊಳೆದದ್ದು ಆ ಜಗಲಿಯಲ್ಲಿ.

2019ರಲ್ಲಿ ಸಾಕ್ಷಿಯ ದಿನಕ್ಕೆ ನಾಲ್ಕು ದಿನ ಮೊದಲು ಅಣ್ಣ ನಮ್ಮ ಮನೆಗೆ ಬಂದ. ಕಾಫಿ ಕುಡಿದ. ಲೋಟ ಕೆಳಗಿಟ್ಟು, ‘ನೀನು ಹೇಳಬೇಕಾದ್ದು ಇಷ್ಟೇ ತಂಗಿ. 1999ರ ಚೌತಿಯ ದಿನ ಅಪ್ಪಯ್ಯ ಎಲ್ಲರನ್ನೂ ಕೂರಿಸಿ ಪಾಲು ಮಾಡಿ ಆಸ್ತಿ ನನಗೆ ಅಂತ ಹೇಳಿದ್ದರು. ನೀನೂ ಇದ್ದೆಯಲ್ಲ’ ಎಂದ. ನಾನು ಇದ್ದೆ. ಊಟವಾಗಿ ಜಗಲಿಯಲ್ಲಿ ಕುಳಿತಿದ್ದಾಗ ಅಪ್ಪಯ್ಯ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿತ್ತು: ‘ಇನ್ನು ಇದೆಲ್ಲ ಇವನೇ ನೋಡಿಕೊಳ್ಳುವುದು.’ ನೋಡಿಕೊಳ್ಳುವುದು ಎಂದರು. ಇವನದೇ ಎನ್ನಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಅಣ್ಣನ ನೆನಪಿನಲ್ಲಿ ಆ ಮೊದಲನೆಯ ಮಾತು ನಿಧಾನವಾಗಿ ಎರಡನೆಯದಾಗಿತ್ತು. ಅವನು ಸುಳ್ಳು ಹೇಳಿಸಲು ಬಂದಿದ್ದಾನೆ ಎಂದು ಅವನಿಗೇ ಅನ್ನಿಸಿರಲಿಲ್ಲ. ನಾನು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಆ ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಬಾಣಂತನದಲ್ಲಿ ಅತ್ತಿಗೆ ಮಾಡಿಕೊಟ್ಟ ಓಮದ ಕಷಾಯದ ಋಣ ಒಂದು ಕಡೆ. ಬಾಡಿಗೆ ಮನೆಯಲ್ಲಿ ಒಬ್ಬಳೇ ಮಲಗುವ ಅಕ್ಕ ಇನ್ನೊಂದು ಕಡೆ.

ಕೋರ್ಟಿನಲ್ಲಿ ಮೂರು ಸಲ ನನ್ನ ಹೆಸರು ಕೂಗಿದರು. ಮೂರನೆಯ ಸಲವೇ ಅದು ನನ್ನ ಹೆಸರೆಂದು ಗೊತ್ತಾದದ್ದು. ಅಕ್ಕನ ವಕೀಲರು ನನ್ನ 2002ರ ಬಿಡುಗಡೆ ಪತ್ರವನ್ನೇ ಮುಂದಿಟ್ಟರು. 1999ರಲ್ಲೇ ಪಾಲಾಗಿ ಎಲ್ಲವೂ ಅಣ್ಣನದಾಗಿದ್ದರೆ 2002ರಲ್ಲಿ ಈ ತಂಗಿಯಿಂದ ಹಕ್ಕು ಬಿಡಿಸಿಕೊಂಡದ್ದು ಯಾಕೆ ಎಂಬುದು ಅವರ ವಾದ. ನನ್ನನ್ನು ಒಳ್ಳೆಯ ತಂಗಿಯನ್ನಾಗಿ ಮಾಡಿದ ಕಾಗದ ಅಕ್ಕನಿಗೆ ಸಾಕ್ಷಿಯಾಯಿತು. ಅಪ್ಪಯ್ಯ ಏನು ಹೇಳಿದರು ಎಂದು ಕೇಳಿದಾಗ ಅವರ ಮಾತನ್ನು ಹಾಗೆಯೇ ಹೇಳಿದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಣ್ಣ ತಲೆ ತಗ್ಗಿಸಿದ. ಪಾಟೀಸವಾಲಿನಲ್ಲಿ ಅವನ ವಕೀಲರು, ‘ನೀವು ಸಂತೋಷದಿಂದಲೇ ಸಹಿ ಹಾಕಿದ್ದಲ್ಲವೇ?’ ಎಂದರು. ‘ಹೌದು’ ಎಂದೆ. ಅದೂ ನಿಜವೇ. ಆಗ ನ್ಯಾಯಾಧೀಶರು, ನನ್ನ ಮಗನ ವಯಸ್ಸಿನವರು, ಬರೆಯುತ್ತಿದ್ದದ್ದನ್ನು ನಿಲ್ಲಿಸಿ ಕೇಳಿದರು: ‘ಎಷ್ಟು ಪಾಲು ಬಿಟ್ಟುಕೊಡುತ್ತಿದ್ದೀರಿ ಎಂದು ನಿಮಗೆ ಗೊತ್ತಿತ್ತೇನಮ್ಮ?’

ಅದೇ ಪ್ರಶ್ನೆ. ‘ಗೊತ್ತಿರಲಿಲ್ಲ’ ಎಂದೆ. ‘ನನ್ನ ಪಾಲು ಎಷ್ಟೆಂದು ನನಗೆ ಗೊತ್ತಿರಲಿಲ್ಲ’ ಎಂದು ಟೈಪಾಯಿತು. ಅದನ್ನು ಓದಿ ಸಹಿ ಹಾಕಿದೆ. ಹದಿನೇಳು ವರ್ಷಗಳ ಅಂತರದಲ್ಲಿ ಎರಡು ಸಹಿ. ಮೊದಲನೆಯದನ್ನು ಓದದೆ ಹಾಕಿದ್ದೆ, ಹೊಗಳಿಕೆ ಸಿಕ್ಕಿತ್ತು. ಎರಡನೆಯದನ್ನು ಓದಿ ಹಾಕಿದೆ, ಅಣ್ಣ ಮಾತು ಬಿಟ್ಟ.

2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಿಂದಿನ ಗೊಂದಲವನ್ನು ಮುಗಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದಿತು. ಬಾಯಿಮಾತಿನಲ್ಲಿ ಪಾಲಾಗಿದೆ ಎಂಬ ವಾದವನ್ನು ಸುಲಭವಾಗಿ ಒಪ್ಪಬಾರದು, ಅದಕ್ಕೆ ಸಾರ್ವಜನಿಕ ದಾಖಲೆಯ ಬೆಂಬಲ ಬೇಕು ಎಂದೂ ಹೇಳಿತು. ಮಗಳು ಬದುಕಿರುವಷ್ಟು ಕಾಲವೂ ಮಗಳೇ ಎಂಬ ಮಾತನ್ನು ಆ ತೀರ್ಪು ನೆನಪಿಸಿದೆ. ಪೀಠದ ಮುಖ್ಯಸ್ಥರು ನ್ಯಾಯಮೂರ್ತಿ ಅರುಣ್ ಮಿಶ್ರಾ. ಜೊತೆಗಿದ್ದವರು ಎಂ.ಆರ್. ಶಾ ಮತ್ತು ಎಸ್. ಅಬ್ದುಲ್ ನಜೀರ್. ನಜೀರ್ ಅವರು ಮೂಡುಬಿದಿರೆಯ ಪಕ್ಕದ ಬೆಳುವಾಯಿಯಲ್ಲಿ ಹುಟ್ಟಿ, ಮೂಡುಬಿದಿರೆಯ ಮಹಾವೀರ ಕಾಲೇಜಿನಲ್ಲಿ ಓದಿದವರು. ಅಕ್ಕ ಫೋನು ಮಾಡಿ, ‘ನಮ್ಮ ಮನೆಯ ಅಮ್ಮ ಬೆಳಗಿನಿಂದ ಬೀಗುತ್ತಿದ್ದಾರೆ ಮಾರಾಯ್ತಿ, ತೀರ್ಪು ಕೊಟ್ಟವರಲ್ಲಿ ನಮ್ಮ ಬೆಳುವಾಯಿಯವರೂ ಇದ್ದಾರೆ ಅಂತ’ ಎಂದು ನಕ್ಕಳು. ಈ ಸಲದ ನಗು ಬೇರೆಯಾಗಿತ್ತು.

ಕೋರ್ಟಿನಲ್ಲಿ ಪಾಲಿನ ದಾವೆ ಒಂದು ತೀರ್ಪಿಗೆ ಮುಗಿಯುವುದಿಲ್ಲ. ಮೊದಲ ಡಿಕ್ರಿಯಲ್ಲಿ ಯಾರಿಗೆ ಎಷ್ಟು ಎಂದು ಹೇಳುತ್ತಾರೆ. ಆಮೇಲೆ ಕಮಿಷನರು, ಸರ್ವೆಯವರು ಬಂದು ಅಳೆದು ಗುರುತು ಹಾಕಿ ಅಂತಿಮ ಡಿಕ್ರಿ ಆಗಬೇಕು. ಅಷ್ಟರಲ್ಲಿ ಇಬ್ಬರ ತಲೆಯೂ ಪೂರ್ತಿ ಬೆಳ್ಳಗಾಗಿರುತ್ತಿತ್ತು. 2021ರಲ್ಲಿ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಹೆಂಗಸರಿಗೆ ಅವರ ಆದಾಯ ಎಷ್ಟೇ ಇರಲಿ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ ಎಂಬುದು ನನಗೆ ಅಲ್ಲಿಯೇ ತಿಳಿದದ್ದು. ಏಳು ವರ್ಷ ತಡವಾಗಿ!

ಕಾನೂನಿನಂತೆ ಅಕ್ಕನಿಗೆ ಒಂದು ಎಕರೆ ತೋಟ, ಮನೆಯಲ್ಲಿ ಮೂರರಲ್ಲೊಂದು ಪಾಲು. ಅಲ್ಲಿ ಕುಳಿತಿದ್ದವರು ಅದನ್ನು ಓದಿ ಹೇಳಿದ ಮೇಲೆ ಅವಳು ಬಾಯಿ ಬಿಟ್ಟಳು: ‘ರಸ್ತೆ ಬದಿಯ ಅರುವತ್ತು ಸೆಂಟ್ಸು ನನಗಿರಲಿ. ಉಳಿದ ನಲವತ್ತು ಸೆಂಟ್ಸು, ಮನೆಯ ಪಾಲು, ಎರಡೂ ಅವನಿಗೆ. ಅಪ್ಪಯ್ಯನನ್ನು, ಅಮ್ಮನನ್ನು ನೋಡಿಕೊಂಡವನು ಅವನು.’ ಅಣ್ಣ ಮುಖವೆತ್ತಿ ನೋಡಿದ. ಏನೂ ಹೇಳಲಿಲ್ಲ. ಹೊರಗೆ ಬಂದ ಮೇಲೆ ನಾನು, ‘ಕೊನೆಗೆ ಬಿಟ್ಟುಕೊಡುವುದೇ ಆದರೆ ಇಷ್ಟು ವರ್ಷ ಯಾಕೆ ಅಕ್ಕ?’ ಎಂದೆ. ಅವಳು ಹೇಳಿದಳು: ‘ಆಗ ಬಿಟ್ಟಿದ್ದರೆ ಅವನು ತೆಗೆದುಕೊಂಡದ್ದಾಗುತ್ತಿತ್ತು. ಈಗ ನಾನು ಕೊಟ್ಟದ್ದು.’

ಈ ಮಾತನ್ನು ನಾನು ಎಷ್ಟೋ ದಿನ ಮೆಲುಕು ಹಾಕಿದ್ದೇನೆ. ಕಾನೂನು ಬಂದ ಮನೆಯಿಂದ ಪ್ರೀತಿ ಹೊರಟುಹೋಗುತ್ತದೆ ಎಂದು ನಾವು ನಂಬಿದ್ದೇವೆ. ಆದರೆ ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾರರು. ತನ್ನದು ಎಷ್ಟೆಂದು ತಿಳಿಯದವರೂ ದಾನ ಮಾಡಲಾರರು, ಕಳೆದುಕೊಳ್ಳಬಹುದು ಅಷ್ಟೆ. 2002ರಲ್ಲಿ ನಾನು ತೋರಿಸಿದ್ದು ಔದಾರ್ಯ ಎಂದುಕೊಂಡಿದ್ದೆ. ಅದು ಕೇಳಲು ನಾಚಿಕೆ, ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆ, ಹೊಗಳಿಕೆಯ ಆಸೆ. ಮುಚ್ಚಿಹೋಗುವ ಹೆದರಿಕೆ ಇರುವ ಬಾಗಿಲನ್ನು ತವರು ಎಂದು ಹೇಗೆ ಕರೆಯುವುದು? ಅಣ್ಣನ ಬೆವರಿಗೆ ಬೆಲೆ ಇಲ್ಲವೆಂದಲ್ಲ. ಇದೆ. ಅಕ್ಕ ಅದನ್ನು ಕಟ್ಟಿಕೊಟ್ಟಳು. ಆದರೆ ಆ ಬೆಲೆಯನ್ನು ಒಡಹುಟ್ಟಿದವಳು ಹುಟ್ಟಿಯೇ ಇಲ್ಲ ಎಂದು ಹೇಳಿ ವಸೂಲು ಮಾಡುವಂತಿಲ್ಲ. ಮದುವೆಗೆ ಮೊದಲು ಅದೇ ಅಂಗಳದಲ್ಲಿ ಅಡಿಕೆ ಸುಲಿದು ಕೈ ಕಪ್ಪು ಮಾಡಿಕೊಂಡವರಲ್ಲಿ ಅಕ್ಕನೂ ಇದ್ದಳು, ನಾನೂ ಇದ್ದೆ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ತೀರ್ಪು ತೋಟವನ್ನು ಅಳೆದು ಕೊಡಬಲ್ಲುದು, ಮುಖ ನೋಡಿ ಮಾತಾಡು ಎಂದು ಹೇಳಲಾರದು. ಅಪ್ಪಯ್ಯನ ಶ್ರಾದ್ಧಕ್ಕೆ ನಾವಿಬ್ಬರೂ ಹೋಗುತ್ತೇವೆ. ಅಣ್ಣ ‘ಬಂದಿರಾ’ ಎನ್ನುತ್ತಾನೆ, ಅಷ್ಟೇ. ಅತ್ತಿಗೆ ಮಾತ್ರ ಕಳೆದ ಬೇಸಿಗೆಯಲ್ಲಿ ಅಕ್ಕನಿಗೆ ಹಲಸಿನ ಹಪ್ಪಳ ಕಳಿಸಿದರು. ಅದರ ಜೊತೆ ಒಂದು ಪ್ರಶ್ನೆಯನ್ನೂ ನನ್ನ ಕಿವಿಯಲ್ಲಿ ಹೇಳಿದರು: ಅವರ ತವರಿನ ಗದ್ದೆ ಇನ್ನೂ ಪಾಲಾಗಿಲ್ಲವಂತೆ, ಏನಾದರೂ ಬರಬಹುದೇ ಎಂದು.

ನನ್ನ ಸಹಿಯನ್ನು ನಾನು ಹಿಂದಕ್ಕೆ ಕೇಳಲು ಹೋಗಲಿಲ್ಲ. ಆದರೆ ಈ ವರ್ಷ ನಾನೂ ನಮ್ಮವರೂ ವೀಲುನಾಮೆ ಬರೆಸಲು ಕುಳಿತಾಗ ಒಂದು ವಿಷಯ ನಡೆಯಿತು. ಅದನ್ನು ಹೇಳದೆ ಮುಗಿಸುವುದು ಸರಿಯಲ್ಲ. ನಮ್ಮದು ಬಂಟ್ವಾಳದ ಹತ್ತು ಸೆಂಟ್ಸು ಜಾಗ ಮತ್ತು ಮನೆ. ಮಗ, ಸೊಸೆ ನಮ್ಮ ಜೊತೆ ಇದ್ದಾರೆ. ಮಗಳು ಬೆಂಗಳೂರಿನಲ್ಲಿ ಚೆನ್ನಾಗಿದ್ದಾಳೆ. ವಕೀಲರು ‘ಇಬ್ಬರಿಗೂ ಸಮವಾ?’ ಎಂದು ಕೇಳಿದಾಗ ನನ್ನ ಬಾಯಿಂದ ಬಂದ ಮಾತು: ‘ಅವಳಿಗೆ ಯಾಕೆ, ಅವಳಿಗೆ ಬೇಕಾದಷ್ಟಿದೆ. ನಮ್ಮನ್ನು ನೋಡಿಕೊಳ್ಳುವುದು ಇವನಲ್ಲವಾ?’

ಹೇಳಿದ ಮೇಲೆ ನನ್ನ ಕಿವಿಗೇ ಅದು ಅಣ್ಣನ ದನಿಯ ಹಾಗೆ ಕೇಳಿಸಿತು. ಅಷ್ಟು ವರ್ಷ ಕೋರ್ಟಿನ ಮೆಟ್ಟಿಲು ನೋಡಿ, ತೀರ್ಪು ಓದಿ, ಸಾಕ್ಷಿ ಹೇಳಿದ ಮೇಲೂ ಆ ಮಾತು ನನ್ನೊಳಗೇ ಕುಳಿತಿತ್ತು. ನಾವು ಸಂಪಾದಿಸಿದ ಆಸ್ತಿ, ಯಾರಿಗೆ ಬೇಕಾದರೂ ಬರೆಯಬಹುದು, ಕಾನೂನು ಅಡ್ಡ ಬರುವುದಿಲ್ಲ. ಆದ್ದರಿಂದಲೇ ಅದು ನನ್ನ ಪರೀಕ್ಷೆಯಾಯಿತು. ಆ ದಿನ ಬರೆಸದೆ ಎದ್ದು ಬಂದೆವು. ರಾತ್ರಿ ಮಗನನ್ನು ಕೂರಿಸಿ ಮಾತಾಡಿ, ಮಗಳಿಗೆ ಫೋನು ಮಾಡಿ, ಯಾರಿಗೆ ಎಷ್ಟು ಎಂದು ಸೆಂಟ್ಸಿನ ಲೆಕ್ಕದಲ್ಲಿ ಇಬ್ಬರಿಗೂ ಹೇಳಿದೆವು. ಸಮ ಪಾಲು. ಮಗಳು ‘ನನಗೆ ಬೇಡಮ್ಮ, ತಮ್ಮನಿಗಿರಲಿ’ ಎಂದಳು.

‘ಈಗಲೇ ಬೇಡ ಎನ್ನಬೇಡ’ ಎಂದೆ. ‘ಮೊದಲು ಅದು ನಿನ್ನ ಕೈಗೆ ಬರಲಿ. ಆಮೇಲೆ ಇಟ್ಟುಕೊಳ್ಳುತ್ತೀಯೋ, ಕೊಡುತ್ತೀಯೋ ನೀನೇ ನೋಡು. ಕೊಟ್ಟರೆ ಅದು ನೀನು ಕೊಟ್ಟದ್ದಾಗಿರಲಿ.’